ಅಟ್ಟದ ಮೇಲಿನ ಹಳೇ ವಾಲ್ವ್ ರೇಡಿಯೊ: ಪ್ಲಗ್ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಹಬ್ಬಕ್ಕೆ ಸುಣ್ಣ ಬಣ್ಣ ಹೊಡೆಸುವಾಗ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ತಾತನ ಕಾಲದ ರೇಡಿಯೊ ಕೂಡ ಒಂದು. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ, ನ್ಯಾಷನಲ್ ಎಕ್ಕೊ ಹೀಗೆ ಯಾವುದೋ ಒಂದು ಹೆಸರು, ಮುಂದೆ ಗಾಜಿನ ಪಟ್ಟಿ, ಅದರ ಮೇಲೆ ದೆಹಲಿ, ಮದ್ರಾಸು, ಕೊಲಂಬೊ ಅಂತ ಸಣ್ಣ ಅಕ್ಷರ. ಧೂಳು ಒರೆಸಿ, 'ನೋಡೇ ಬಿಡೋಣ, ಇನ್ನೂ ಹಾಡುತ್ತಾ' ಅಂತ ಪ್ಲಗ್ ಹಾಕುತ್ತಾರೆ. ಎರಡು ನಿಮಿಷ ಗುಂಯ್ ಅನ್ನುತ್ತೆ, ಸುಟ್ಟ ವಾಸನೆ ಬರುತ್ತೆ, ಅಲ್ಲಿಗೆ ಮುಗೀತು. ನೂರಿನ್ನೂರರಲ್ಲಿ ಸರಿಹೋಗಬಹುದಾಗಿದ್ದ ಸೆಟ್ಟು ಸಾವಿರಾರು ರೂಪಾಯಿ ಕೆಲಸಕ್ಕೆ ಬರುತ್ತದೆ, ಇಲ್ಲವೇ ಸೀದಾ ಗುಜರಿಗೆ ಹೋಗುತ್ತದೆ.

ಮೂವತ್ತು ನಲವತ್ತು ವರ್ಷ ಸುಮ್ಮನಿದ್ದ ರೇಡಿಯೊದಲ್ಲಿ ಮೊದಲು ಹಾಳಾಗುವುದು ವಾಲ್ವ್ ಅಲ್ಲ, ಕಂಡೆನ್ಸರ್. ಈಗಿನವರು ಕೆಪಾಸಿಟರ್ ಅನ್ನುತ್ತಾರೆ, ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಕಂಡೆನ್ಸರ್ರೇ. ಕರೆಂಟನ್ನು ಸಮ ಮಾಡುವ ದೊಡ್ಡ ಡಬ್ಬಿಯಂಥ ಕಂಡೆನ್ಸರ್‌ನ ಒಳಗಿನ ದ್ರವ ಒಣಗಿಹೋಗಿರುತ್ತದೆ. ಮೇಣದಲ್ಲಿ ಅದ್ದಿದ ಕಾಗದದ ಸಣ್ಣ ಕಂಡೆನ್ಸರ್‌ಗಳು ನಮ್ಮ ಮಳೆಗಾಲದ ತೇವ ಕುಡಿದು ಕುಡಿದು, ತಡೆಯಬೇಕಾದ ವೋಲ್ಟೇಜನ್ನು ಸೋರಬಿಡುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ತಿಳಿಯಬೇಕಾದ್ದು: ನಿಮ್ಮದು ಯಾವ ಜಾತಿಯ ಸೆಟ್ಟು?

ವಾಲ್ವ್ ರೇಡಿಯೊಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಒಳಗೆ ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್ಟು. ಎತ್ತಿದರೆ ಭಾರ. ಇದು ಇದ್ದುದರಲ್ಲಿ ಕ್ಷೇಮ. ಇನ್ನೊಂದು, ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟು. ಆಗ ಕಲ್ಕತ್ತದಂಥ ನಗರಗಳ ಕೆಲವು ಭಾಗಗಳಲ್ಲಿ ಡಿಸಿ ಕರೆಂಟ್ ಇತ್ತು, ಎರಡಕ್ಕೂ ನಡೆಯಲಿ ಅಂತ ಮಾಡಿದ ಸೆಟ್ಟುಗಳಿವು. ಟ್ರಾನ್ಸ್‌ಫಾರ್ಮರ್ ಖರ್ಚು ಉಳಿಯುತ್ತಿದ್ದುದರಿಂದ ಬೆಲೆಯೂ ಕಡಿಮೆ, ಹಾಗಾಗಿ ಎಸಿ ಮಾತ್ರ ಇದ್ದ ಊರುಗಳಿಗೂ ಬಂದವು. ಮೂರನೆಯದು ಕರೆಂಟೇ ಬರದಿದ್ದ ಹಳ್ಳಿಗಳಿಗಾಗಿ ಬಂದ ಬ್ಯಾಟರಿ ಸೆಟ್ಟು. ಅದಕ್ಕೆ 90 ವೋಲ್ಟಿನ ಒಂದು ದೊಡ್ಡ ಒಣ ಬ್ಯಾಟರಿ ಮತ್ತು ವಾಲ್ವ್‌ನ ತಂತಿ ಕಾಯಿಸಲು ಒಂದೂವರೆ ವೋಲ್ಟಿನ ಬೇರೆ ಬ್ಯಾಟರಿ ಬೇಕಿತ್ತು. ಅದನ್ನು ಯಾವ ಕಾರಣಕ್ಕೂ ಮನೆಯ ಕರೆಂಟಿಗೆ ನೇರವಾಗಿ ಕೊಡಬಾರದು.

ಹೇಗೆ ಗುರುತು ಹಿಡಿಯುವುದು? ವಾಲ್ವ್ ಮೇಲಿನ ಮೊದಲ ಅಕ್ಷರ ನೋಡಿ. 'ಇ' ಇದ್ದರೆ (ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80 ಇತ್ಯಾದಿ) 6.3 ವೋಲ್ಟಿನ ಹೀಟರ್, ಅಂದರೆ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಸೆಟ್ಟು. 'ಯು' ಇದ್ದರೆ (ಯುಸಿಎಚ್ 81, ಯುಸಿಎಲ್ 82, ಯುವೈ 85) ಎಸಿ/ಡಿಸಿ ಸೆಟ್ಟು. 'ಡಿ' ಇದ್ದರೆ (ಡಿಕೆ 96, ಡಿಎಲ್ 96) ಬ್ಯಾಟರಿಯದು. ಉಳಿದ ಅಕ್ಷರಗಳಿಗೂ ಅರ್ಥ ಇದೆ. 'ಎಲ್' ಅಂದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್, 'ಝಡ್' ಮತ್ತು 'ವೈ' ಅಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, 'ಎಂ' ಅಂದರೆ ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕು ಕೂಡಿಕೊಳ್ಳುವ ಆ 'ಮ್ಯಾಜಿಕ್ ಐ'.

ಎಸಿ/ಡಿಸಿ ಸೆಟ್ಟಿನ ವಿಷಯದಲ್ಲಿ ಹುಡುಗಾಟ ಬೇಡ. ಅದರ ಒಳಗಿನ ತಗಡಿನ ಚಾಸಿಗೆ ಕರೆಂಟಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಕೂಡಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿ ಫೇಸ್ ಆಗುತ್ತದೆ. ಹೊರಗೆ ಮರದ ಪೆಟ್ಟಿಗೆ, ಬೇಕಲೈಟ್ ಗುಂಡಿ ಇರುವವರೆಗೆ ತೊಂದರೆಯಿಲ್ಲ. ಆದರೆ ಅಟ್ಟದಲ್ಲಿದ್ದ ರೇಡಿಯೊಗೆ ಗುಂಡಿ ಕಳೆದುಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿರುವುದು ಸಾಮಾನ್ಯ. ಮಕ್ಕಳು ಆ ಕಡ್ಡಿ ಹಿಡಿದು ತಿರುಗಿಸಿದರೆ 230 ವೋಲ್ಟು ಕೈಗೇ ಬರುತ್ತದೆ. ಗುಂಡಿಯ ಸಣ್ಣ ಸ್ಕ್ರೂ ಇರುವ ತೂತಿಗೂ ಕಂಪನಿಯವರು ಮೇಣ ತುಂಬಿ ಮುಚ್ಚುತ್ತಿದ್ದುದು ಇದೇ ಭಯಕ್ಕೆ. ತಳದ ಬೋಲ್ಟುಗಳೂ ಅಷ್ಟೇ. ಮನೆಯಲ್ಲಿರುವ ಟೆಸ್ಟರ್ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಹಳೇ ರೇಡಿಯೊದ ಹಿಂದೆ ಗ್ರಾಮಫೋನ್ ಜೋಡಿಸಲು ಎರಡು ತೂತು ಇರುತ್ತವೆ. ಮೊಬೈಲ್‌ನಿಂದ ವೈರ್ ತಂದು ಅಲ್ಲಿಗೆ ಕೊಟ್ಟರೆ ವಾಲ್ವ್‌ನ ಆ ದಪ್ಪ ಧ್ವನಿಯಲ್ಲಿ ಹಾಡು ಕೇಳಬಹುದು, ಚೆನ್ನಾಗಿಯೇ ಇರುತ್ತೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಮಾತ್ರ. 'ಯು' ವಾಲ್ವ್ ಸೆಟ್ಟಿಗೆ ಹೀಗೆ ಮಾಡಿದರೆ ಕೈಯಲ್ಲಿರುವ ಮೊಬೈಲ್‌ಗೂ ಮೇನ್ಸ್ ಕರೆಂಟು ಹರಿಯುತ್ತದೆ.

ಸೀರೀಸ್ ಬಲ್ಬ್: ಇಪ್ಪತ್ತು ರೂಪಾಯಿಯ ಕಾವಲುಗಾರ

ಹಳೇ ರೇಡಿಯೊಗೆ ಮೊದಲ ಸಲ ಕರೆಂಟ್ ಕೊಡುವಾಗ ಮಧ್ಯೆ ಒಂದು 60 ವ್ಯಾಟಿನ ಬಲ್ಬ್ ಸೀರೀಸ್‌ನಲ್ಲಿ ಹಾಕಲೇಬೇಕು. ತಂತಿ ಉರಿಯುವ ಹಳೇ ಕಾಲದ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಊರಿನ ಯಾವ ಎಲೆಕ್ಟ್ರಿಷಿಯನ್‌ಗಾದರೂ ಇದು ಗೊತ್ತು. ಬಲ್ಬ್ ಒಂದು ಕ್ಷಣ ಜೋರಾಗಿ ಹತ್ತಿ ನಂತರ ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ ಎಂದರ್ಥ. ಪೂರ್ತಿ ಬೆಳಕಿನಲ್ಲೇ ಉರಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಬಲ್ಬ್ ಇಲ್ಲದಿದ್ದರೆ ಆ ಕರೆಂಟು ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು.

ಅದಕ್ಕೂ ಮೊದಲು ಮೇನ್ಸ್ ವೈರ್ ಬದಲಾಯಿಸಬೇಕು. ಆಗಿನ ರಬ್ಬರ್ ವೈರ್ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ವೈರ್ ಸೇರುವ ಕಡೆ ಮೇನ್ಸ್‌ಗೆ ಅಡ್ಡಲಾಗಿ ಇರುವ ಕಾಗದದ ಕಂಡೆನ್ಸರ್ ತೆಗೆದುಹಾಕಿ, ಈಗ ಸಿಗುವ ಎಕ್ಸ್2 ದರ್ಜೆಯ 275 ವೋಲ್ಟಿನದು ಹಾಕಬೇಕು. ಪಟಾಕಿಯಂತೆ ಸಿಡಿಯುವುದು ಹೆಚ್ಚಾಗಿ ಅದೇ. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಪ್ಲೇಟ್ ಇದ್ದರೆ 110ರಲ್ಲಿ ಉಳಿದಿದೆಯಾ ನೋಡಿ, ಇರುವ ಅತಿ ಹೆಚ್ಚಿನ ಗುರುತಿಗೆ, ಸಾಮಾನ್ಯವಾಗಿ 240 ಅಥವಾ 245ಕ್ಕೆ, ಇಡುವುದು ಒಳ್ಳೆಯದು.

ಇನ್ನು ಆಫ್ ಮಾಡಿದ ಮೇಲೂ ಕೈ ಹಾಕಬಾರದು. ದೊಡ್ಡ ಕಂಡೆನ್ಸರ್‌ನಲ್ಲಿ 250ರಿಂದ 300 ವೋಲ್ಟಿನಷ್ಟು ಡಿಸಿ ಹಾಗೇ ಕುಳಿತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಕೆಲವರಿಗಿದೆ, ಅದು ಕಿಡಿ ಹಾರಿಸಿ ಕಂಡೆನ್ಸರನ್ನೂ ಹಾಳು ಮಾಡುತ್ತದೆ. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು, ಕೆಲವು ಸೆಕೆಂಡು ಹಿಡಿದರೆ ಸಾಕು. ಆಮೇಲೆ ಮೀಟರ್ ಇಟ್ಟು ಸೊನ್ನೆ ಬಂದಿದೆಯೇ ನೋಡಬೇಕು. ಹಳಬರು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದುದು ಶೋಕಿಗಲ್ಲ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ.

ಒಂದು ಪುಟ್ಟ ಕಂಡೆನ್ಸರ್, ಇಡೀ ರೇಡಿಯೊದ ಪ್ರಾಣ

ರೇಡಿಯೊದಲ್ಲಿ ಒಂದೇ ಒಂದು ಬಿಡಿಭಾಗ ಬದಲಾಯಿಸಲು ಸಾಧ್ಯ ಅಂದರೆ, ಅದು ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಧ್ವನಿ ಸಾಗಿಸುವ ಕಂಡೆನ್ಸರ್. ಮೆಕ್ಯಾನಿಕ್‌ಗಳು ಕಪ್ಲಿಂಗ್ ಕಂಡೆನ್ಸರ್ ಅನ್ನುತ್ತಾರೆ. ಬೆಲೆ ಕೆಲವೇ ರೂಪಾಯಿ. ಅದರ ಒಂದು ಬದಿಗೆ ನೂರಕ್ಕೂ ಹೆಚ್ಚು ವೋಲ್ಟಿನ ಡಿಸಿ ಇರುತ್ತದೆ, ಇನ್ನೊಂದು ಬದಿಗೆ ಸೊನ್ನೆ ಇರಬೇಕು. ಹಳೆಯದಾಗಿ ಸೋರತೊಡಗಿದರೆ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಬರುತ್ತದೆ. ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಒಳಗಿನ ತಗಡು ಕೆಂಪಗಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೂದಲೆಳೆಯಂಥ ತಂತಿ ಸುಟ್ಟುಹೋಗುತ್ತದೆ, ರೆಕ್ಟಿಫೈಯರ್ ಸೋಲುತ್ತದೆ. ಹತ್ತು ನಿಮಿಷ ಚೆನ್ನಾಗಿ ಹಾಡಿ ಆಮೇಲೆ ಧ್ವನಿ ಒಡಕು ಒಡಕಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಮೀಟರ್ ಇದ್ದವರು ಪರೀಕ್ಷೆ ಮಾಡಬಹುದು. ಇಎಲ್ 84 ವಾಲ್ವ್ ಆದರೆ 2ನೇ ಪಿನ್ ಗ್ರಿಡ್, 3ನೆಯದು ಕ್ಯಾಥೋಡ್. ಗ್ರಿಡ್‌ನಲ್ಲಿ ಒಂದು ವೋಲ್ಟ್ ಪಾಸಿಟಿವ್ ಬಂದರೂ ಕಂಡೆನ್ಸರ್ ಕೆಟ್ಟಿದೆ ಎಂದೇ ಲೆಕ್ಕ. ಕ್ಯಾಥೋಡ್‌ನಲ್ಲಿ 7 ವೋಲ್ಟ್ ಆಸುಪಾಸು ಇರಬೇಕು, 10 ದಾಟಿದರೆ ವಾಲ್ವ್ ಬೇಯುತ್ತಿದೆ. ಹಳೆಯದು 0.01 ಮೈಕ್ರೊಫ್ಯಾರಡ್ ಅಂತಿದ್ದರೆ ಅದೇ ಮೌಲ್ಯದ, 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದರೆ ಮತ್ತೆ ನೋಡಬೇಕಾಗಿಲ್ಲ.

ದೊಡ್ಡ ಡಬ್ಬಿ ಕಂಡೆನ್ಸರ್ ಕೆಟ್ಟರೆ ಗುಂಯ್ ಎನ್ನುವ ಸದ್ದು. ಹೆಚ್ಚಾಗಿ ಅದು 50 ಮೈಕ್ರೊಫ್ಯಾರಡ್‌ನ ಎರಡು ಒಂದೇ ಡಬ್ಬಿಯಲ್ಲಿರುವಂಥದ್ದು. ಈಗ ಅದು ಸಿಗುವುದಿಲ್ಲ, 47 ಮೈಕ್ರೊಫ್ಯಾರಡ್ 450 ವೋಲ್ಟಿನ ಎರಡು ಬೇರೆ ಬೇರೆ ತಂದು ಚಾಸಿಯ ಕೆಳಗೆ ಬೆಸೆಯಬೇಕು. 'ಜಾಸ್ತಿ ಇದ್ದರೆ ಒಳ್ಳೇದಲ್ವಾ' ಅಂತ 220 ಹಾಕಿದರೆ ರೆಕ್ಟಿಫೈಯರ್ ವಾಲ್ವ್ ತಡೆಯುವುದಿಲ್ಲ. ಹಳೇ ಡಬ್ಬಿಯನ್ನು ಮೇಲೆ ಹಾಗೇ ಬಿಡುವುದು ಒಳ್ಳೆಯ ಪದ್ಧತಿ, ಸೆಟ್ಟಿನ ರೂಪ ಕೆಡುವುದಿಲ್ಲ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಅದು ಸಣ್ಣ ಖಾಯಿಲೆ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ನಮ್ಮ ತಾಲ್ಲೂಕುಗಳಲ್ಲೇ ಒಂದು ದಾರಿ ಇದೆ. ಪಂಪ್‌ಸೆಟ್ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿ ಇಲ್ಲದ ಊರು ಯಾವುದು? ದಪ್ಪ ತಂತಿ ಸುತ್ತಿ ಅಭ್ಯಾಸವಾದವರಿಗೆ ಇಷ್ಟು ಸಣ್ಣ ತಂತಿ ಕಿರಿಕಿರಿ, ಆದರೂ ಸ್ಟೆಬಿಲೈಜರ್ ಟ್ರಾನ್ಸ್‌ಫಾರ್ಮರ್ ಸುತ್ತುವವರಿದ್ದರೆ ಕೇಳಿ ನೋಡಬಹುದು. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿಕೊಳ್ಳಬೇಕು ಅಷ್ಟೇ. ಇಎಲ್ 84ಕ್ಕಾದರೆ ಸುಮಾರು 5,000 ಓಮ್‌ನಿಂದ ಸ್ಪೀಕರ್‌ನ 4 ಓಮ್‌ಗೆ ಇಳಿಸುವ ರೆಡಿಮೇಡ್ ಟ್ರಾನ್ಸ್‌ಫಾರ್ಮರ್ ಕೂಡ ಹೊಂದುತ್ತದೆ.

'ರೆಡ್ ಮರ್ಕ್ಯುರಿ'ಗೆ ಮರುಳಾಗಬೇಡಿ

ರಿಪೇರಿಗಿಂತ ಮುಖ್ಯವಾದ ಒಂದು ಮಾತು. ಹಳೇ ವಾಲ್ವ್ ರೇಡಿಯೊ, ಹಳೇ ಟಿವಿಗಳಲ್ಲಿ 'ರೆಡ್ ಮರ್ಕ್ಯುರಿ' ಇರುತ್ತೆ, ಅದಕ್ಕೆ ಲಕ್ಷ, ಕೋಟಿ ಬೆಲೆ ಅನ್ನುವ ಗಾಳಿಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇದೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಸಿಂಗರ್ ಹೊಲಿಗೆ ಯಂತ್ರಗಳ ಬಗ್ಗೆ ಇದೇ ಕತೆ ಹಬ್ಬಿ ಜನ ಹಳೇ ಯಂತ್ರಗಳಿಗೆ ಮುಗಿಬಿದ್ದಿದ್ದರು. ಅಂಥ ವಸ್ತುವೇ ಇಲ್ಲ. ಹಳೇ ಫಿಲಿಪ್ಸ್ ವಾಲ್ವ್‌ಗಳಲ್ಲಿ ಕೆಲವಕ್ಕೆ ಹೊರಗಿನಿಂದ ಕೆಂಪು ಲೇಪ ಇರುತ್ತಿತ್ತು. ಅದು ಹೊರಗಿನ ವಿದ್ಯುತ್ ಗದ್ದಲ ಒಳಗೆ ಬಾರದಿರಲಿ ಅಂತ ಹಚ್ಚಿದ ಲೋಹದ ಲೇಪ ಮತ್ತು ಬಣ್ಣ. ವಾಲ್ವ್‌ನ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಪಾದರಸವೂ ಅಲ್ಲ, ಬೆಳ್ಳಿಯೂ ಅಲ್ಲ, ಬೇರಿಯಂ. ಒಳಗೆ ಉಳಿದ ಅಲ್ಪಸ್ವಲ್ಪ ಗಾಳಿಯನ್ನು ಹೀರಿಕೊಳ್ಳಲು ಹಾಕಿರುತ್ತಾರೆ.

ಈ ಕತೆ ನಂಬಿ ಒಳ್ಳೇ ಸೆಟ್ಟುಗಳ ವಾಲ್ವ್ ಒಡೆದು ನೋಡಿದವರಿದ್ದಾರೆ. 'ಮಾದರಿ ಪರೀಕ್ಷೆಗೆ ಮುಂಗಡ ಕೊಡಿ, ಆಮೇಲೆ ದೊಡ್ಡ ಪಾರ್ಟಿ ಬರುತ್ತೆ' ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಅದು ಮೋಸ. ದುಡ್ಡು ಕೊಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ಆ ಹೊಳಪು ನಿಜಕ್ಕೂ ಒಂದು ಉಪಯೋಗಕ್ಕೆ ಬರುತ್ತೆ. ಅದು ಬಿಳಿ ಸುಣ್ಣದಂತೆ ಆಗಿದ್ದರೆ ವಾಲ್ವ್ ಒಳಗೆ ಗಾಳಿ ಹೋಗಿದೆ, ಸತ್ತಿದೆ ಎಂದರ್ಥ. ಹೊಳಪು ಇದ್ದರೆ ಬಹುತೇಕ ಜೀವ ಇರುತ್ತದೆ. ಎಸಿ/ಡಿಸಿ ಸೆಟ್ಟಿನಲ್ಲಿ ಎಲ್ಲ ವಾಲ್ವ್‌ಗಳ ಹೀಟರ್ ಹಬ್ಬದ ಸೀರಿಯಲ್ ಸೆಟ್ಟಿನಂತೆ ಸಾಲಾಗಿ ಜೋಡಿಸಿರುತ್ತಾರೆ. ಒಂದು ಹೋದರೆ ಎಲ್ಲವೂ ಕತ್ತಲು. ಆದ್ದರಿಂದ ಒಂದೂ ಹತ್ತದಿದ್ದರೆ ಗಾಬರಿಯಾಗಿ ಐದನ್ನೂ ಎಸೆಯಬೇಡಿ, ಕೆಟ್ಟಿರುವುದು ಒಂದೇ ಇರಬಹುದು.

ಬದಲಿ ವಾಲ್ವ್ ಎಲ್ಲಿ ಸಿಗುತ್ತೆ? ಬೆಂಗಳೂರು ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಆರಂಭಿಸಿತ್ತು. ಬಿಇಎಲ್ ಮುದ್ರೆಯ ಹಳೇ ದಾಸ್ತಾನು ಈಗಲೂ ಅಲ್ಲಿ ಇಲ್ಲಿ ಹಳೇ ಅಂಗಡಿಗಳ ಡಬ್ಬಗಳಲ್ಲಿ ಸಿಗುತ್ತದೆ. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಇಎಲ್ 84 ಅನ್ನು ಗಿಟಾರ್ ಆಂಪ್ಲಿಫೈಯರ್‌ಗಳಿಗಾಗಿ ರಷ್ಯಾ, ಸ್ಲೊವಾಕಿಯಾಗಳಲ್ಲಿ ಇಂದಿಗೂ ಹೊಸದಾಗಿ ಮಾಡುತ್ತಾರೆ. ಇಸಿಎಚ್ 81, ಯುಸಿಎಚ್ 81 ಥರದವಕ್ಕೆ ಮಾತ್ರ ಹಳೇ ದಾಸ್ತಾನೇ ಗತಿ. ಹಾಗಾಗಿ ಊರಲ್ಲಿ ಮುಚ್ಚಿದ ರೇಡಿಯೊ ಅಂಗಡಿಯ ಸಾಮಾನನ್ನು ಗುಜರಿಯವರು ತೂಕಕ್ಕೆ ಹಾಕಿಕೊಂಡಿದ್ದರೆ, ಗಾಜಿನ ವಾಲ್ವ್‌ಗಳನ್ನು ಬೇರೆ ಇಡುವುದು ಅವರಿಗೂ ಲಾಭ.

ಗಾಜು, ದಾರ, ಮರ

ಕೆಲಸ ಗೊತ್ತಿಲ್ಲದವರು ಹೆಚ್ಚು ಹಾನಿ ಮಾಡುವುದು ಸ್ವಚ್ಛ ಮಾಡುವಾಗ. ಊರ ಹೆಸರುಗಳಿರುವ ಡಯಲ್ ಗಾಜಿನ ಅಕ್ಷರಗಳನ್ನು ಹಿಂಬದಿಯಲ್ಲಿ ಬಣ್ಣದಿಂದ ಅಚ್ಚು ಹಾಕಿರುತ್ತಾರೆ. ಹಿಂಬದಿಗೆ ಒದ್ದೆ ಬಟ್ಟೆ ಹಾಕಿದರೆ ಧೂಳಿನ ಜೊತೆ ಕೊಲಂಬೊ, ದೆಹಲಿ ಎಲ್ಲ ಒರೆಸಿ ಹೋಗುತ್ತವೆ, ಮತ್ತೆ ಬರುವುದಿಲ್ಲ. ಮುಂಬದಿ ಮಾತ್ರ ಒರೆಸಿ, ಹಿಂಬದಿಗೆ ಮೆತ್ತನೆಯ ಒಣ ಬ್ರಷ್ ಸಾಕು. ಚಾಸಿಯ ಧೂಳಿಗೂ ಬ್ರಷ್ ಮತ್ತು ಬ್ಲೋವರ್, ನೀರು ಬೇಡ. ಕೆಲವು ಸೆಟ್ಟುಗಳ ಒಳಗೆ ಶಾಖ ತಡೆಯಲು ಬೂದು ಬಣ್ಣದ ಆಸ್ಬೆಸ್ಟಾಸ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಉಜ್ಜಬೇಡಿ, ಊದಬೇಡಿ.

ಮುಳ್ಳನ್ನು ಎಳೆಯುವ ದಾರ ತುಂಡಾಗಿರುವುದು ಮಾಮೂಲಿ. ಬಿಚ್ಚುವ ಮುನ್ನ ಯಾವ ಗಾಲಿಗೆ ಎಷ್ಟು ಸುತ್ತು ಅಂತ ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ಮೀನಿನ ಗಾಳದ ನೈಲಾನ್ ದಾರ ಜಾರುತ್ತದೆ, ಹೆಣೆದ ದಾರವೇ ಬೇಕು. ಇನ್ನು ಒಳಗಿನ ಚೌಕ ಡಬ್ಬಿಗಳ ನೆತ್ತಿಯಲ್ಲಿ ಕಾಣುವ ಸ್ಕ್ರೂಗಳನ್ನು 'ಸಡಿಲ ಆಗಿದೆ' ಅಂತ ಬಿಗಿ ಮಾಡಬಾರದು. ಅವು 455 ಕಿಲೋಹರ್ಟ್ಸ್ ಆಸುಪಾಸಿಗೆ ಕಂಪನಿಯಲ್ಲೇ ಶ್ರುತಿ ಮಾಡಿದ ಕಾಯಿಲ್‌ಗಳು. ಒಂದು ಸುತ್ತು ತಿರುಗಿಸಿದರೆ ರೇಡಿಯೊ ಕಿವುಡಾಗುತ್ತದೆ, ಸಿಗ್ನಲ್ ಜನರೇಟರ್ ಇರುವವರ ಬಳಿಯೇ ಹೋಗಬೇಕಾಗುತ್ತದೆ.

ಸ್ಪೀಕರ್ ಕಾಗದವನ್ನು ಇಲಿ ಕಡಿದಿದ್ದರೆ ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್. ಮರದ ಪೆಟ್ಟಿಗೆಗೆ ಗೆದ್ದಲು ಹಿಡಿದಿದ್ದರೆ ಬಡಗಿಯ ಕೈಗೆ ಕೊಡುವ ಮುನ್ನ ಚಾಸಿ ಹೊರಗೆ ತೆಗೆಯಿರಿ. ಈಗಿನ ಹೊಳೆಯುವ ಪಿಯು ಪೇಂಟ್ ಹೊಡೆದರೆ ರೇಡಿಯೊ ಹೊಸ ಷೋಕೇಸಿನಂತೆ ಕಾಣುತ್ತದೆಯೇ ಹೊರತು ಹಳೆಯದರಂತಲ್ಲ. ಅರಗಿನ ಫ್ರೆಂಚ್ ಪಾಲಿಷ್ ಕೈಯಲ್ಲಿ ಹಚ್ಚುವ ಬಡಗಿಗಳು ಇನ್ನೂ ಇದ್ದಾರೆ, ಹುಡುಕಬೇಕು.

ಕೆಫೆ, ರೆಸಾರ್ಟ್‌ನವರು ಈಗ ಹಳೇ ರೇಡಿಯೊ ಕೊಂಡು ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಹಾಕಿಸುತ್ತಾರೆ. ಚಾಸಿ ಪೂರ್ತಿ ತುಕ್ಕು ಹಿಡಿದಿದ್ದರೆ ಸರಿ. ಆದರೆ ಸರಿಹೋಗುವ ಚಾಸಿಯನ್ನು ಕೀಳುವುದು ನಷ್ಟದ ವ್ಯಾಪಾರ. ಒಳಭಾಗ ಮೂಲದ್ದೇ ಇರುವ, ಹಾಡುವ ಸೆಟ್ಟಿಗೆ ಸಂಗ್ರಹಕಾರರು ಕೊಡುವ ಬೆಲೆ ಖಾಲಿ ಪೆಟ್ಟಿಗೆಗೆ ಸಿಗುವುದಿಲ್ಲ.

ಸರಿಯಾದ ಮೇಲೆ ಏನು ಕೇಳುತ್ತೆ?

ಎಫ್‌ಎಂ ಕೇಳುತ್ತೆ ಅಂದುಕೊಂಡಿದ್ದರೆ ನಿರಾಸೆಯಾಗುತ್ತದೆ. ಇಲ್ಲಿ ಮಾರಾಟವಾದ ಬಹುತೇಕ ವಾಲ್ವ್ ಸೆಟ್ಟುಗಳಲ್ಲಿ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್, ಧಾರವಾಡದ್ದು 765. ಹಳೇ ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿ: ಬೆಂಗಳೂರು 490, ಧಾರವಾಡ 392 ಮೀಟರ್ ಹತ್ತಿರ ಬರುತ್ತದೆ. ದೇಶದ ಹಲವು ಕಡೆ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಲಾಗಿದೆ, ಆದ್ದರಿಂದ ಹಳೇ ಡಯಲ್‌ನ ಎಲ್ಲ ಊರೂ ಸಿಗುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದ್ದು, 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋದದ್ದು ಹಳಬರಿಗೆ ಗೊತ್ತಿರುತ್ತೆ.

ಬರೀ ಬುಸ್ಸೆನ್ನುವ ಸದ್ದು ಬಂದರೆ ರೇಡಿಯೊವನ್ನೇ ಬೈಯಬೇಡಿ. ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆಫ್ ಮಾಡಿ ನೋಡಿ. ಕರೆಂಟ್ ಹೋದಾಗ ಪಕ್ಕದ ಮನೆಯ ಟ್ರಾನ್ಸಿಸ್ಟರ್ ಚೆನ್ನಾಗಿ ಕೇಳುವುದು ಇದಕ್ಕೇ. ಮಹಡಿಯಿಂದ ಇಪ್ಪತ್ತು ಮೂವತ್ತು ಅಡಿ ತಾಮ್ರದ ತಂತಿ ಏರಿಯಲ್ ಕಟ್ಟಿದರೆ ಬಹಳ ವ್ಯತ್ಯಾಸವಾಗುತ್ತದೆ, ಅದರಲ್ಲೂ ರಾತ್ರಿ ಹೊತ್ತು. ಗುಡುಗು ಸಿಡಿಲಿನ ಸೂಚನೆ ಕಂಡರೆ ತಂತಿ ಬಿಚ್ಚಿ ಹೊರಗೆ ಹಾಕಬೇಕು.

ರಿಪೇರಿಗೆ ಕೊಡುವಾಗ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ತೆಗೆದುಹಾಕಿದ ಬಿಡಿಭಾಗಗಳನ್ನು ಕವರಿನಲ್ಲಿ ಹಾಕಿ ವಾಪಸ್ ಕೊಡಿ ಅಂತ ಕೇಳಿ. ವಾಲ್ವ್‌ಗಳ ಫೋಟೊ ತೆಗೆದಿಟ್ಟುಕೊಂಡರೆ ಒಳ್ಳೇ ವಾಲ್ವ್ ಬದಲಾಯಿತು ಅನ್ನುವ ಜಗಳ ಇರುವುದಿಲ್ಲ. ಅಂಗಡಿಯವರೂ ಅಷ್ಟೇ, ಬದಲಾಯಿಸಿದ ಕಂಡೆನ್ಸರ್‌ಗಳ ಪಟ್ಟಿ ಚೀಟಿಯಲ್ಲಿ ಬರೆದು ಹಿಂಬದಿಯ ರಟ್ಟಿಗೆ ಒಳಗಿನಿಂದ ಅಂಟಿಸಿದರೆ ಮುಂದೆ ಬಿಚ್ಚುವವರಿಗೆ ಅರ್ಧ ಕೆಲಸ ಕಡಿಮೆ. ಆ ಹಿಂಬದಿಯ ರಟ್ಟು ಕಳೆದುಹೋಗಿದ್ದರೆ ತೂತು ಮಾಡಿದ ಹೊಸ ಹಾರ್ಡ್‌ಬೋರ್ಡ್ ಹಾಕಿಸದೆ ಸೆಟ್ಟನ್ನು ಮನೆಗೆ ಕಳಿಸಬಾರದು, ತೆಗೆದುಕೊಂಡು ಹೋಗಲೂಬಾರದು. ಮನೆಯಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟು, ತಿಂಗಳಿಗೊಮ್ಮೆ ಅರ್ಧ ಗಂಟೆ ಹಾಡಿಸಿದರೆ ಕಂಡೆನ್ಸರ್‌ಗಳು ಮತ್ತೆ ತೇವ ಹಿಡಿಯುವುದಿಲ್ಲ.